ಎಮಿನೆ ಹಾನಿಮ್ ಕಲಿತ ಎರಡು ಕನ್ನಡ ಮಾತು

ಮಿರಜ ಸ್ಟೇಷನ್

ತುರ್ಕಸ್ತಾನಕ್ಕೆ ಹೋಗುವವರು ಸಾಮಾನ್ಯವಾಗಿ ಏನು ಒಯ್ಯುತ್ತಾರೋ ನನಗೆ ಗೊತ್ತಿಲ್ಲ. ನಮ್ಮ ಶಾಂತಾ ಮಾವಶಿ ಎರಡು ದೊಡ್ಡ ಡಬ್ಬಿ ಭಡಂಗ ಒಯ್ದರು. ಸಾಂಗ್ಲಿಯ ಭಡಂಗವೆಂದರೆ ಚುರುಮುರಿಗೆ ಖಾರ, ಶೇಂಗಾ, ಬೆಳ್ಳುಳ್ಳಿ ಹಾಕಿ ಹುರಿದದ್ದು. ನಾವು ಜೈನರು, ಆದ್ದರಿಂದ ನಮ್ಮದರಲ್ಲಿ ಬೆಳ್ಳುಳ್ಳಿ ಇಲ್ಲ, ಅದರ ಬದಲಿಗೆ ಮಾವಶಿಯ ಅಹಂಕಾರ ಇದೆ. ಅವರ ಭಡಂಗಕ್ಕೆ ಹೆಸರಿಡುವ, ಎಂದರೆ ಕೊರತೆ ಹೇಳುವ, ಧೈರ್ಯ ಕಸಬೆ ಡಿಗ್ರಜದಿಂದ ಸಾಂಗ್ಲಿಯವರೆಗೆ ಒಬ್ಬರಿಗೂ ಇಲ್ಲ.

ಮಾವಶಿ ಎಂದರೆ ನನ್ನ ತಾಯಿಯ ತಂಗಿ. ವಯಸ್ಸು ಎಪ್ಪತ್ತೊಂದು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂದು ಇಪ್ಪತ್ತೆಂಟು ವರ್ಷದ ಹಿಂದೆ ನೇಮ ಹಿಡಿದವರು, ಇವತ್ತಿನವರೆಗೆ ಕತ್ತಲಾದ ಮೇಲೆ ಬಾಯಿಗೆ ಹನಿ ನೀರು ಹಾಕಿದವರಲ್ಲ. ಇಂಥವರನ್ನು ಕಟ್ಟಿಕೊಂಡು ಪರದೇಶಕ್ಕೆ ಹೋಗುವುದೆಂದರೆ ಸಣ್ಣ ಮಾತೇ? ಆದರೂ ಹೋದೆವು. ಅದಕ್ಕೆ ಕಾರಣ ಒಂದು ಊಟ.

ನಮ್ಮದು ಬೇದಾಣೆಯ ವ್ಯಾಪಾರ. ಒಣದ್ರಾಕ್ಷಿಗೆ ನಮ್ಮ ಕಡೆ ಹಾಗೆ ಹೇಳುತ್ತಾರೆ. ಎರಡು ವರ್ಷದ ಹಿಂದೆ ತುರ್ಕಸ್ತಾನದ ಮಾನಿಸಾ ಎಂಬ ಊರಿನಿಂದ ಓರ್ಹಾನ್ ಎಂಬ ಬೇದಾಣೆ ವ್ಯಾಪಾರಿ ನಮ್ಮ ಪೇಟೆ ನೋಡಲು ಬಂದಿದ್ದ. ಜೊತೆಗೆ ಅವನ ತಾಯಿ ಎಮಿನೆ ಹಾನಿಮ್. ಹಾನಿಮ್ ಎಂಬುದು ನಮ್ಮಲ್ಲಿ ಹೆಂಗಸರ ಹೆಸರಿಗೆ 'ಬಾಯಿ' ಹಚ್ಚಿದ ಹಾಗೆ, ಮರ್ಯಾದೆಯ ಮಾತು. ಹರಾಜಿನ ಹೊತ್ತಿನಲ್ಲಿ ನಮ್ಮ ಖರೀದಿದಾರರು ಮುಷ್ಟಿ ಮುಷ್ಟಿ ಬೇದಾಣೆ ಎತ್ತಿ ನೋಡಿ ನೆಲಕ್ಕೆ ಚೆಲ್ಲುವುದನ್ನು ಕಂಡು ಆ ತಾಯಿ ಸಂಕಟಪಟ್ಟು, ಬಗ್ಗಿ ಒಂದೊಂದೇ ಆರಿಸತೊಡಗಿದ್ದರು. ಮಾವಶಿಗೆ ಅವರು ಆವಾಗಲೇ ಹಿಡಿಸಿಬಿಟ್ಟರು.

ಮೂರು ದಿನ ನಮ್ಮ ಮನೆಯಲ್ಲಿದ್ದರು. ಮೂರು ದಿನವೂ ಮಾವಶಿ ನಿಂತು ಬಡಿಸಿದರು. ನಮ್ಮಲ್ಲಿ ಅತಿಥಿ ಉಂಡು ಏಳುವತನಕ ಬಡಿಸುವವರು ಕೂಡುವುದಿಲ್ಲ. ಎಮಿನೆ ಹಾನಿಮ್ ಪ್ರತಿ ಸಲ ಪಕ್ಕದ ಮಣೆ ತಟ್ಟಿ ಕೂಡಲು ಕರೆದರು. ಮಾವಶಿ ಪ್ರತಿ ಸಲ 'ಉಣ್ರಿ, ಉಣ್ರಿ' ಎಂದು ಇನ್ನೊಂದು ಹೋಳಿಗೆ ಹಾಕಿದರು. ಹೊರಡುವ ದಿನ ಎಮಿನೆ ಹಾನಿಮ್ ಮಗನ ಬಾಯಲ್ಲಿ ಇಂಗ್ಲಿಷಿನಲ್ಲಿ ಹೇಳಿಸಿದರು: 'ಇಲ್ಲಂತೂ ನೀವು ನನ್ನ ಜೊತೆ ಕೂತು ಒಂದು ತುತ್ತು ತಿನ್ನಲಿಲ್ಲ. ನನ್ನ ಮನೆಗೆ ಬಂದು ತಿನ್ನಬೇಕು. ಮಾತು ಕೊಡಿ.' ಮಾವಶಿ ಕೈಮೇಲೆ ಕೈಯಿಟ್ಟು ಮಾತು ಕೊಟ್ಟರು. ಅವರು ಕೊಟ್ಟ ಮಾತು ತಪ್ಪಿದ್ದನ್ನು ನಾನು ಕಂಡಿಲ್ಲ.

ಇನ್ನು ನನ್ನ ವಿಷಯ. ನಾನು ಮಾಧವನಗರದ ಶಾಲೆಯಲ್ಲಿ ಮರಾಠಿ ಕಲಿಸಿ ನಿವೃತ್ತಳಾದವಳು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ. ಮಂದಿ ಸೀರೆ ಕೂಡಿಸುತ್ತಾರೆ, ನಾನು ಮಾತು ಕೂಡಿಸುತ್ತೇನೆ. ಆ ತಾಯಿ-ಮಗ ಹೋದ ಮೇಲೆ ಫೋನಿನಲ್ಲಿ ತುರ್ಕಿ ಕಲಿಯತೊಡಗಿದೆ. ದುಕಾನ, ಸಾಬೂನು, ಪರದೆ, ಹವಾ, ದುನಿಯಾ ಎಲ್ಲ ಅವರಲ್ಲೂ ಇವೆ. ನಮ್ಮಲ್ಲಿ ಮುಸಾಫಿರ ಎಂದರೆ ಪ್ರವಾಸಿ, ಅವರಲ್ಲಿ ಮಿಸಾಫಿರ್ ಎಂದರೆ ಮನೆಗೆ ಬಂದ ಅತಿಥಿ. ದಾರಿಯಲ್ಲಿರುವವನು ಯಾರದೋ ಮನೆಯ ಅತಿಥಿಯೇ ಎಂದು ಅವರು ತೀರ್ಮಾನಿಸಿಬಿಟ್ಟಿದ್ದಾರೆ. ಈ ಒಂದು ಶಬ್ದಕ್ಕೇ ನಾನು ತುರ್ಕಸ್ತಾನಕ್ಕೆ ಹೋಗಲು ತಯಾರಿದ್ದೆ.

ಮಿರಜಿನ ಏಜೆಂಟನೊಬ್ಬ ಮಾರ್ಚಿನಲ್ಲಿ ಟಿಕೆಟ್ಟು ಭಾರೀ ಸೋವಿ ಇದೆ ಎಂದ. ನಮ್ಮದು ವ್ಯಾಪಾರಸ್ಥರ ಮನೆ. ಸೋವಿ ಎಂದ ಕೂಡಲೇ ಹೂಂ ಎಂದೆವು, ಯಾಕೆ ಸೋವಿ ಎಂದು ಯಾರೂ ಕೇಳಲಿಲ್ಲ. ಮಾವಶಿ ಪಂಚಾಂಗ ನೋಡಿ ತಮ್ಮ ಉಪವಾಸದ ಅಷ್ಟಮಿ, ಚತುರ್ದಶಿ ತಪ್ಪಿಸಿದರು. ನಮ್ಮ ಮನೆಯವರು ಬೇದಾಣೆಯ ಹಂಗಾಮು ಎಂದು ಹೇಳಿ ತಾವೇ ತಪ್ಪಿಸಿಕೊಂಡರು. ಸ್ಟೇಷನ್ನಿಗೆ ಹೋಗುವ ರಿಕ್ಷಾ ಮಿರಜಿನ ದರ್ಗಾದ ಓಣಿ ಹಾಯ್ದು ಹೋಯಿತು. ಎರಡೂ ಕಡೆ ಖರ್ಜೂರದ ಗಾಡಿಗಳು ಸಾಲುಹಿಡಿದು ನಿಂತಿದ್ದವು.

"ಈ ಸಲ ಖಜೂರ ಭಾಳ ಬಂದಾವಲ್ಲ," ಎಂದರು ಮಾವಶಿ.

"ಹೌದ್ರಿ," ಎಂದೆ ನಾನು. ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ತಲೆ ಇದು.

ಇಜ್ಮಿರ್, ಮೊದಲ ದಿನ

ಇಜ್ಮಿರ್ ವಿಮಾನ ನಿಲ್ದಾಣದಲ್ಲಿ ಎಮಿನೆ ಹಾನಿಮ್ ದೂರದಿಂದಲೇ ಎರಡೂ ಕೈ ಚಾಚಿ "ಉಣ್ರಿ" ಎಂದು ಕೂಗುತ್ತ ಬಂದರು. ಅವರಿಗೆ ಬರುತ್ತಿದ್ದ ಕನ್ನಡ ಅದೊಂದೇ. ನಮ್ಮ ಮನೆಯಲ್ಲಿ ದಿನಕ್ಕೆ ನೂರು ಸಲ ಕೇಳಿ, ನಮಸ್ಕಾರ, ಬನ್ನಿ, ಕ್ಷೇಮವೇ, ಎಲ್ಲ ಅದರಲ್ಲೇ ಬಂತು ಎಂದುಕೊಂಡಿದ್ದರು. ಹಾಗೆ ನೋಡಿದರೆ ಅವರು ತಪ್ಪೂ ಅಲ್ಲ.

"ಹೋಶ್ ಗೆಲ್ದಿನಿಜ್," ಎಂದರು ನನಗೆ. ಖುಷಿಯಿಂದ ಬಂದಿರಿ ಎಂದರ್ಥ. ಅದಕ್ಕೆ 'ಹೋಶ್ ಬುಲ್ದುಕ್', ಖುಷಿಯನ್ನೇ ಕಂಡೆವು, ಎಂದು ಉತ್ತರ ಕೊಡಬೇಕು. ಕೊಟ್ಟೆ. ಒಂದೂವರೆ ವರ್ಷದ ಅಭ್ಯಾಸ ಮೊದಲ ಸಲ ಕೆಲಸಕ್ಕೆ ಬಂದ ಹೆಮ್ಮೆ ಕಾರು ಹತ್ತುವತನಕ ಇತ್ತು.

ಕಾರಿನಲ್ಲಿ ಓರ್ಹಾನ್ ಹೇಳಿದ: ಈಗ ರಂಜಾನ್ ನಡೆದಿದೆ, ಮನೆಯಲ್ಲಿ ಎಲ್ಲರದೂ ಉಪವಾಸ, ಆದರೆ ನಿಮ್ಮಿಬ್ಬರಿಗೆ ಮಧ್ಯಾಹ್ನದ ಊಟ ತಯಾರಿದೆ. ನನ್ನ ಕಣ್ಣ ಮುಂದೆ ಮಿರಜಿನ ಖರ್ಜೂರದ ಗಾಡಿಗಳು ಒಂದೊಂದಾಗಿ ಹಾಯ್ದು ಹೋದವು. ಮಾವಶಿಗೆ ತಿಳಿಸಿ ಹೇಳಿದೆ.

"ಅಕಿ ಯಾವಾಗ ಉಣ್ತಾಳ?"

"ಹೊತ್ತು ಮುಳುಗಿದ ಮ್ಯಾಲೆ. ಮತ್ತ ನಸುಕಿನ್ಯಾಗ, ಬೆಳಕ ಹರಿಯೂದ್ರೊಳಗ."

"ನಾ ಯಾವಾಗ ಉಣ್ತೀನಿ?"

"ಹೊತ್ತು ಹುಟ್ಟಿದ ಮ್ಯಾಲೆ, ಮುಳುಗೂದ್ರೊಳಗ."

ಮಾವಶಿ ಬೆರಳು ಮಡಚಿ ಲೆಕ್ಕ ಹಾಕಿದರು. "ಆತು, ಮುಗೀತ ತಗಿ," ಎಂದರು.

ಅವರ ಬಾಯಿ ತೆರೆಯುವ ಹೊತ್ತಿಗೆ ಇವರದು ಬಂದ್. ಇವರದು ತೆರೆಯುವ ಹೊತ್ತಿಗೆ ಅವರದು ಬಂದ್. ಕೂಡಿ ಉಣ್ಣುವುದಕ್ಕೇ ಸಮುದ್ರ ದಾಟಿ ಬಂದ ಇಬ್ಬರು ಮುದುಕಿಯರಿಗೆ ದಿನದಲ್ಲಿ ಒಂದು ನಿಮಿಷವೂ ಸಮಾನವಾಗಿ ಇರಲಿಲ್ಲ. ನಮ್ಮ ಕೈಯಲ್ಲಿ ನಾಲ್ಕು ದಿನ ಇದ್ದವು.

ಮಾನಿಸಾ: ಗೋಡೆಯಲ್ಲಿ ಇಲಿ

ಮೇಜಿನ ತುಂಬ ಊಟ ಹರಡಿತ್ತು. ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಏನೂ ಇಲ್ಲದ ಅಡಿಗೆ. ಈರುಳ್ಳಿ ಹೆಚ್ಚದೆ ಒಲೆ ಹಚ್ಚುವುದೇ ಗೊತ್ತಿಲ್ಲದ ಮನೆಯಲ್ಲಿ ಅದಕ್ಕಾಗಿ ಮೂರು ದಿನ ತಾಲೀಮು ನಡೆದಿತ್ತಂತೆ. ಉಪವಾಸವಿದ್ದ ಮನೆಯವರೆಲ್ಲ ಸುತ್ತ ಕೂತು ನಮ್ಮ ಬಾಯಿಯನ್ನೇ ನೋಡುತ್ತಿದ್ದರು. ಮಾವಶಿ ಎರಡು ಚಮಚ ಅನ್ನ ಮುಟ್ಟಿ, ಹೊಟ್ಟೆ ತುಂಬಿದೆ ಎಂದು ಎದ್ದರು.

"ಉಪಾಸ ಇದ್ದವರ ಮುಂದ ಕುಂತು ಬಾಯಿ ಆಡಿಸೂದು ನನ್ನ ಕೈಲೆ ಆಗೂದಿಲ್ಲ," ಎಂದು ನನಗೆ ಕೋಣೆಯಲ್ಲಿ ಹೇಳಿದರು. "ನೀ ಉಣ್ಣು. ನಿನಗ ನಾಚಿಕಿ ಕಮ್ಮಿ."

ನಾನು ಉಂಡೆ. ಅವರು ಹೇಳಿದ್ದು ನಿಜ.

ಮರುದಿನ ಎಮಿನೆ ಹಾನಿಮ್ ಜೊತೆ ಪೇಟೆಗೆ ಹೋದೆ. ಹೊಸ ಮಾತು ಬರೆದುಕೊಳ್ಳುವ ನನ್ನ ವಹಿ ಒಂದೇ ಬೆಳಿಗ್ಗೆಗೆ ಅರ್ಧ ತುಂಬಿತು. ಅಲ್ಲಿ ಯಾರಾದರೂ ಕೆಲಸ ಮಾಡುತ್ತಿದ್ದರೆ ಹಾಯ್ದು ಹೋಗುವವರು 'ಕೊಲಾಯ್ ಗೆಲ್ಸಿನ್' ಎನ್ನುತ್ತಾರೆ. ಕೆಲಸ ಹಗುರಾಗಲಿ ಎಂದರ್ಥ. ಗುಂಡಿ ತೋಡುವವನಿಗೂ ಅದೇ, ಬ್ಯಾಂಕಿನ ಗುಮಾಸ್ತನಿಗೂ ಅದೇ. ನಮ್ಮ ಸಾಂಗ್ಲಿಯಲ್ಲಿ ಗುಂಡಿ ತೋಡುವವನ ಸುತ್ತ ನಾಲ್ಕು ಜನ ನಿಂತು 'ಇಲ್ಲಿ ಯಾಕ ತೋಡ್ಯಾರ, ಅಲ್ಲಿ ತೋಡಬೇಕಿತ್ತು' ಎನ್ನುತ್ತಾರೆ. ಕ್ಷೌರ ಮಾಡಿಸಿಕೊಂಡು ಹೊರಬಂದವನಿಗೂ, ಸ್ನಾನ ಮಾಡಿ ಬಂದವರಿಗೂ 'ಸಿಹ್ಹತ್ಲೆರ್ ಓಲ್ಸುನ್' ಎಂದು ಆರೋಗ್ಯ ಹಾರೈಸಬೇಕು. ಮೊದಲ ದಿನ ಮಾವಶಿ ಬಚ್ಚಲಿನಿಂದ ಬಂದಾಗ ಮನೆಮಂದಿಯೆಲ್ಲ ಇದನ್ನು ಹೇಳಿದ್ದರು. "ನಾ ಜಳಕಾ ಮಾಡಿದ್ದು ಇವರಿಗೆಲ್ಲ ಯಾಕ ಬೇಕಾಗಿತ್ತು?" ಎಂದು ಮಾವಶಿ ನನ್ನ ಮೇಲೆ ರೇಗಿದ್ದರು.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು 'ಎಲಿನಿಜೆ ಸಾಲಿಕ್'. ನಿಮ್ಮ ಕೈಗೆ ಆರೋಗ್ಯವಿರಲಿ. ಅಡಿಗೆ ಮಾಡಿದವರಿಗೆ ಉಂಡವರು ಹೇಳುವ ಮಾತು. ಇದನ್ನು ಬರೆದುಕೊಳ್ಳುವಾಗ ನನಗೆ ಸ್ವಲ್ಪ ಹೊಟ್ಟೆ ಉರಿಯಿತು. ಮದುವೆಯಾಗಿ ಮೂವತ್ತೈದು ವರ್ಷ ಎರಡು ಹೊತ್ತು ಬೇಯಿಸಿ ಹಾಕಿದ್ದೇನೆ. ನಮ್ಮ ಮನೆಯಲ್ಲಿ ಊಟದ ಮೇಲೆ ಬರುವ ಒಂದೇ ಅಭಿಪ್ರಾಯ 'ಉಪ್ಪ ಕಮ್ಮಿ ಆಗೇತಿ'. ಅದು ಬರದಿದ್ದರೆ ಅಡಿಗೆ ಚೆನ್ನಾಗಿದೆ ಎಂದು ನಾನೇ ತಿಳಿದುಕೊಳ್ಳಬೇಕು.

ಪೇಟೆಯಿಂದ ಬಂದಾಗ ಮನೆಯಲ್ಲಿ ಗಲಾಟೆ. ಅತಿಥಿಗಳ ಕೋಣೆಯ ಗೋಡೆಯಲ್ಲಿ ಇಲಿ ಸೇರಿದೆ ಎಂದು ಓರ್ಹಾನ್ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದ. ನಾನೂ ಕೇಳಿದೆ. ಕುರುಂ ಕುರುಂ. ಸ್ವಲ್ಪ ಬಿಡುವು. ಮತ್ತೆ ಕುರುಂ ಕುರುಂ. ನನಗೆ ಕೂಡಲೇ ಗೊತ್ತಾಯಿತು, ಆದರೆ ನನ್ನ ತುರ್ಕಿ ಅಷ್ಟು ವೇಗವಾಗಿ ಓಡುವುದಿಲ್ಲ. ಅಷ್ಟರಲ್ಲಿ ಎಮಿನೆ ಹಾನಿಮ್ ತಮ್ಮ ದಪ್ಪ ಬೆಕ್ಕನ್ನು ತಂದು ಬಾಗಿಲು ಸಂದುಮಾಡಿ ಒಳಗೆ ಬಿಟ್ಟರು. ಬೆಕ್ಕಿನ ಹೆಸರು ಶೆಕೆರ್, ಎಂದರೆ ಸಕ್ಕರೆ.

"ಅಯ್ಯ ನಿನ್ನ," ಎಂಬ ಕೂಗು, ಡಬ್ಬಿ ಬಿದ್ದ ಸದ್ದು. ಬಾಗಿಲು ತೆಗೆದರೆ ಮಾವಶಿ ಹಾಸಿಗೆಯ ಆಚೆ ಗೋಡೆಗೆ ಮುಖಮಾಡಿ ಕೂತಿದ್ದಾರೆ, ನೆಲದ ತುಂಬ ಭಡಂಗ, ಶೆಕೆರ್ ಒಂದು ಶೇಂಗಾ ಬೀಜವನ್ನು ಉರುಳಿಸಿ ಆಡುತ್ತಿದೆ. ಮಾವಶಿಯ ಮುಖ ಕೆಂಪಾಗಿತ್ತು. ಬಾಯಿ ಇನ್ನೂ ತುಂಬಿತ್ತು.

ಯಾಕೆ ಹೀಗೆ ಬಾಗಿಲು ಹಾಕಿಕೊಂಡು ತಿನ್ನುತ್ತಿದ್ದರು ಎಂದು ನಾನು ತಡವರಿಸುತ್ತ ಹೇಳಿದೆ. ಎಮಿನೆ ಹಾನಿಮ್ ನಗುತ್ತಾರೆ ಎಂದುಕೊಂಡಿದ್ದೆ. ಅವರು ಹಾಸಿಗೆಯ ಅಂಚಿಗೆ ಕೂತು ಕಣ್ಣೊರೆಸಿಕೊಂಡರು. "ನನ್ನ ಮನೆಯಲ್ಲಿ ನನ್ನ ಅತಿಥಿ ಕಳ್ಳಿಯ ಹಾಗೆ ಒಣ ತಿಂಡಿ ತಿಂದಳು," ಎಂದರು. "ಅತಿಥಿಯನ್ನು ಹಸಿವಿನಲ್ಲಿಟ್ಟರೆ ನನ್ನ ಉಪವಾಸಕ್ಕೆ ಏನು ಅರ್ಥ ಉಳಿಯಿತು, ಅವಳನ್ನೇ ಕೇಳು."

ಕೇಳಿದೆ. ಮಾವಶಿ ಬಾಯಲ್ಲಿದ್ದದ್ದನ್ನು ನುಂಗಿ, "ತಪ್ಪಾತು ಅಂತ ಹೇಳು," ಎಂದರು. ನನ್ನ ಆಯುಷ್ಯದಲ್ಲಿ ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು.

ಮೂರನೆಯ ದಿನ: ನಾನು ಹೇಳಿದ ಸುಳ್ಳು

ಮೂರನೆಯ ದಿನ ಮಧ್ಯಾಹ್ನ ಮಾವಶಿ ಮೇಜಿಗೆ ಕೂತರು. ಎದುರಿಗೆ ಎಮಿನೆ ಹಾನಿಮ್ ಖಾಲಿ ಕೈಯಲ್ಲಿ ಕೂತು "ಉಣ್ರಿ, ಉಣ್ರಿ" ಎನ್ನುತ್ತಿದ್ದರು. ಸಾಂಗ್ಲಿಯಲ್ಲಿ ನಡೆದದ್ದೇ ಇಲ್ಲಿಯೂ, ಕುರ್ಚಿ ಮಾತ್ರ ಅದಲು ಬದಲು. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿದ ಪದಾರ್ಥ, ಕಡಲೆ ಹಾಕಿದ ಪುಲಾವು, ಬೇಳೆಯ ಸಾರು. ಉಪವಾಸದಲ್ಲಿ ಅಡಿಗೆ ಮಾಡುವವರು ನಾಲಗೆಗೆ ಹಚ್ಚಿ ರುಚಿ ನೋಡುವಂತಿಲ್ಲವಲ್ಲ. ಕಣ್ಣಳತೆಯ ಮೇಲೆ ಉಪ್ಪು ಹಾಕಿದ್ದರು.

ಮಾವಶಿ ಒಂದು ತುತ್ತು ತಿಂದರು. ಮನೆಯಲ್ಲಿ ಮಾಡುವಂತೆ ತಲೆ ಅಲ್ಲಾಡಿಸಿ, "ಉಪ್ಪ ಕಮ್ಮಿ ಆಗೇತಿ," ಎಂದರು.

"ನೆ ದೆದಿ?" ಏನಂದರು ಎಂದು ಎಮಿನೆ ಹಾನಿಮ್ ಆಸೆಯಿಂದ ನನ್ನ ಕಡೆ ತಿರುಗಿದರು.

ಹಿಂದಿನ ದಿನ ಅತ್ತ ಕಣ್ಣು ಅವು. ನಾನೇನು ಮಾಡಲಿ? "ಎಲಿನಿಜೆ ಸಾಲಿಕ್ ಅಂದರು," ಎಂದೆ.

ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಎದೆಗೆ ಕೈಯಿಟ್ಟು, ಇನ್ನೊಮ್ಮೆ ಹೇಳಿ ಎಂದರು. ಮಾವಶಿಗೆ ಆಶ್ಚರ್ಯ. ಉಪ್ಪು ಕಮ್ಮಿ ಎಂದರೆ ಇಷ್ಟು ಖುಷಿಪಡುವ ಹೆಂಗಸನ್ನು ಅವರು ಕಂಡಿರಲಿಲ್ಲ. ಇನ್ನೊಮ್ಮೆ ಹೇಳಿದರು. ಎಮಿನೆ ಹಾನಿಮ್ ಮೂರು ಸಲ ತಾವೂ ಹೇಳಿ ಬಾಯಿಪಾಠ ಮಾಡಿದರು. ನಾನು ನೀರು ಕುಡಿದೆ.

ನಾಲ್ಕನೆಯ ದಿನ: ಎರಡು ಘಳಿಗೆ

ಆದರೂ ಕೂಡಿ ಉಂಡ ಹಾಗೆ ಆಗಲಿಲ್ಲವಲ್ಲ. ಕೊನೆಯ ದಿನ ನಾನು ಒಂದು ಯುಕ್ತಿ ಮಾಡಿದೆ. ಹೊತ್ತು ಮುಳುಗುವ ಕ್ಷಣದಲ್ಲಿ ಮಾವಶಿ ಕೊನೆಯ ತುತ್ತು, ಎಮಿನೆ ಹಾನಿಮ್ ಮೊದಲ ತುತ್ತು ತೆಗೆದುಕೊಂಡರೆ? ಒಂದು ತುತ್ತಾದರೂ ಜೊತೆಗಾಗುತ್ತದೆ.

ಅವರ ಅಡಿಗೆಮನೆಯಲ್ಲಿ ಫ್ರಿಜ್ಜಿಗೆ ಒಂದು ಉದ್ದ ಕಾಗದ ಅಂಟಿಸಿತ್ತು. ರಂಜಾನಿನ ಪ್ರತಿದಿನ ಬೆಳಗಿನ ಊಟ ಎಷ್ಟಕ್ಕೆ ನಿಲ್ಲಿಸಬೇಕು, ಸಂಜೆ ಎಷ್ಟಕ್ಕೆ ಉಪವಾಸ ಬಿಡಬೇಕು ಎಂದು ನಿಮಿಷ ಸಮೇತ ಬರೆದದ್ದು. ಮಾವಶಿ ತಮ್ಮ ಫೋನಿನಲ್ಲಿದ್ದ ಜೈನ ಪಂಚಾಂಗವನ್ನು ಆ ಊರಿಗೆ ಹೊಂದಿಸಲು ನನಗೆ ಹೇಳಿದರು. ಎರಡನ್ನೂ ಮೇಜಿನ ಮೇಲಿಟ್ಟು ಇಬ್ಬರೂ ಕನ್ನಡಕ ಹಾಕಿಕೊಂಡು ಬಗ್ಗಿದರು. ಸೂರ್ಯಾಸ್ತ ಏಳು ಹದಿನೈದು. ಅಲ್ಲಿಯೂ ಏಳು ಹದಿನೈದು, ಇಲ್ಲಿಯೂ ಏಳು ಹದಿನೈದು. ಎಮಿನೆ ಹಾನಿಮ್ ಬೆರಳಿನಿಂದ ಎರಡೂ ಅಂಕಿ ಮುಟ್ಟಿ ನಕ್ಕರು.

"ಹಂಗಾದರ ಏಳು ಹದಿನೈದಕ್ಕ ಇಬ್ಬರೂ ಕೂಡಿ," ಎಂದೆ.

"ಅದ್ಹ್ಯಾಂಗ ಆಗತೈತಿ? ಹೊತ್ತು ಮುಳುಗೂಕಿಂತ ಎರಡ ಘಳಿಗಿ ಮದಲ ನಾ ಬಾಯಿ ತೊಳೀಬೇಕು," ಎಂದರು ಮಾವಶಿ.

ಎರಡು ಘಳಿಗೆ ಎಂದರೆ ನಲವತ್ತೆಂಟು ನಿಮಿಷ. ಇಪ್ಪತ್ತೆಂಟು ವರ್ಷ ಕಾಯ್ದುಕೊಂಡ ನಲವತ್ತೆಂಟು ನಿಮಿಷ.

"ಒಂದ ದಿನ ಸ್ವಲ್ಪ ಸಡಿಲ ಬಿಡ್ರಿ ಮಾವಶಿ. ಇಲ್ಲಿ ಯಾರ ನೋಡತಾರ?"

"ನಾ ನೋಡತೀನಲ್ಲ," ಎಂದರು.

ಓರ್ಹಾನ್ ತನ್ನ ತಾಯಿಯ ಕಡೆ ತಿರುಗಿ, ನೀನೇ ಇವತ್ತು ಸ್ವಲ್ಪ ಬೇಗ ಬಿಡಬಾರದೇ ಎಂದ. ಆ ತಾಯಿ ಅವನನ್ನು ನೋಡಿದ ನೋಟ ಥೇಟ್ ನಮ್ಮ ಮಾವಶಿಯದು. ಅವನು ಬೆಕ್ಕನ್ನೆತ್ತಿಕೊಂಡು ಹೊರಗೆ ಹೋದ.

ಸಂಜೆ ಆರೂಕಾಲಿಗೆ ಮಾವಶಿ ಉಂಡು ಬಾಯಿ ತೊಳೆದರು. ಏಳು ಹದಿನೈದಕ್ಕೆ ಮಸೀದಿಯ ಕೂಗು ಕೇಳಿತು. ಎಮಿನೆ ಹಾನಿಮ್ ಒಂದು ಖರ್ಜೂರ ಬಾಯಿಗಿಟ್ಟರು. ನಾನು ಹೇಳಿಕೊಟ್ಟಿದ್ದ ಮಾತನ್ನು ಮಾವಶಿ ಅಳುಕುತ್ತ ಹೇಳಿದರು: "ಅಲ್ಲಾಹ್ ಕಬೂಲ್ ಎತ್ಸಿನ್." ಉಪವಾಸ ದೇವರಿಗೆ ಒಪ್ಪಿಗೆಯಾಗಲಿ. ಕಬೂಲ ಎಂಬುದು ನಮ್ಮದೇ ಮಾತಾದ್ದರಿಂದ ಅಲ್ಲಿ ನಾಲಗೆ ತೊಡರಲಿಲ್ಲ. ಆಮೇಲೆ ಮಾವಶಿ ಕೈಕಟ್ಟಿ ಕೂತರು, ಎಮಿನೆ ಹಾನಿಮ್ ಉಂಡರು. ಇಬ್ಬರ ಮುಖದಲ್ಲೂ ಗೆಲುವಿರಲಿಲ್ಲ.

ಹೊರಡುವ ಹೊತ್ತು

ಮರುದಿನ ಮಾವಶಿ ಉಳಿದ ಒಂದು ಡಬ್ಬಿ ಭಡಂಗವನ್ನು ಎಮಿನೆ ಹಾನಿಮ್ ಕೈಗಿಟ್ಟರು. ಎಮಿನೆ ಹಾನಿಮ್ ಕೊಡಲು ಏನೂ ತೋಚದೆ ಬೇದಾಣೆ ಕಟ್ಟಿದರು, ಸಾಂಗ್ಲಿಯವರಿಗೆ ಬೇದಾಣೆ. ಆಮೇಲೆ ಫ್ರಿಜ್ಜಿಗೆ ಅಂಟಿಸಿದ್ದ ಆ ಏಳು ಹದಿನೈದರ ಕಾಗದ ಕಿತ್ತು, ಮಡಚಿ ಮಾವಶಿಯ ಚೀಲಕ್ಕೆ ಹಾಕಿದರು.

"ಕೊಟ್ಟ ಮಾತು ಉಳಿಸಿಕೊಳ್ಳಾಕ ಆಗಲಿಲ್ಲ ಅಂತ ಹೇಳು," ಎಂದು ಮಾವಶಿ ನನಗೆ ಹೇಳಿದರು. ನಾನು ಹೇಳಿದೆ. 'ಗೆಚ್ಮಿಶ್ ಓಲ್ಸುನ್' ಎಂದರು ಎಮಿನೆ ಹಾನಿಮ್. ಆದದ್ದು ಆಗಿಹೋಗಲಿ. ಕಾಯಿಲೆಯವರಿಗೆ ಹೇಳುವ ಮಾತದು.

ಕಾರು ಹೊರಟಾಗ ಹಿಂದಿನಿಂದ ಒಂದು ತಂಬಿಗೆ ನೀರು ರಸ್ತೆಗೆ ಸುರಿದರು. ಸು ಗಿಬಿ ಗಿತ್, ಸು ಗಿಬಿ ಗೆಲ್. ನೀರಿನ ಹಾಗೆ ಹೋಗು, ನೀರಿನ ಹಾಗೆ ಬಾ. ನಾನು ಅರ್ಥ ಹೇಳಿದೆ.

"ಬೆನ್ನ ಹಿಂದ ನೀರ ಬಂತಂದ್ರ ಸಾಂಗ್ಲಿ ಮಂದಿ ಸಾಮಾನ ಮಾಳಿಗಿಗೆ ಹೊರತಾರ," ಎಂದರು ಮಾವಶಿ. ಕೃಷ್ಣೆಯ ಮಹಾಪೂರ ಕಂಡವರ ಮಾತು. ನಗಿಸಲೆಂದೇ ಹೇಳಿದ್ದು, ಆದರೆ ಹೇಳುವಾಗ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು.

ಸಾಂಗ್ಲಿ, ಅಡಿಗೆಮನೆ

ಊರಿಗೆ ಬಂದ ಎರಡನೆಯ ದಿನ ಮಾವಶಿ ಆ ಕಾಗದವನ್ನು ಅಡಿಗೆಮನೆಯಲ್ಲಿ ಜೈನ ಕ್ಯಾಲೆಂಡರ್ ಪಕ್ಕಕ್ಕೆ ತೂಗುಹಾಕಿದರು. ಸಂಜೆಯೆಲ್ಲ ಅದರ ಮುಂದೆ ನಿಂತಿದ್ದರು.

"ನಸುಕಿನ ಊಟ ಅಕಿ ಎಷ್ಟಕ್ಕ ಮುಗಸಬೇಕು?"

"ಐದೂ ಮುಕ್ಕಾಲಕ್ಕ."

"ಅಲ್ಲಿ ಐದೂ ಮುಕ್ಕಾಲ ಆದಾಗ ನಮ್ಮಲ್ಲಿ ಎಷ್ಟ ಆಗಿರತೈತಿ?"

"ನಾವು ಎರಡೂವರಿ ತಾಸು ಮುಂದ ಇದ್ದೇವಿ. ಎಂಟೂ ಕಾಲು."

"ಹೊತ್ತು ಹುಟ್ಟಿ ಎರಡ ಘಳಿಗಿ ಆದ ಮ್ಯಾಲೆ, ಏಳೂವರಿಗೆ, ನಾ ಬಾಯಿ ತಗೀತೀನಿ," ಎಂದರು ಮಾವಶಿ. "ನೀ ಸಾಲಿ ಕಲಿಸಿದಾಕಿ, ನಿನಗ ಹೊಳೀಲಿಲ್ಲ."

ಹೊಳೆದಿರಲಿಲ್ಲ. ಮರುದಿನ ಬೆಳಿಗ್ಗೆ ಏಳೂ ಮೂವತ್ತೈದಕ್ಕೆ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ವಿಡಿಯೋ ಕರೆ ಹಚ್ಚಿದೆ. ನಮ್ಮ ಕಟ್ಟೆಯ ಮೇಲೆ ಬಿಸಿಲು ಬಿದ್ದಿತ್ತು. ಅವರ ಕಿಟಕಿಯಾಚೆ ಇನ್ನೂ ಕತ್ತಲು, ಎಮಿನೆ ಹಾನಿಮ್ ಮುಂದೆ ರೊಟ್ಟಿ, ಆಲಿವ್, ಚಹಾ. ಮಾವಶಿಯ ತಾಟಿನಲ್ಲಿ ನಾನು ಮಾಡಿದ ಉಪ್ಪಿಟ್ಟು. ಇಬ್ಬರಿಗೂ ಬಾಯಿ ತೆರೆದಿತ್ತು. ಎರಡೂ ದೇವರ ಗಡಿಯಾರದಲ್ಲಿ.

"ಉಣ್ರಿ," ಎಂದರು ಎಮಿನೆ ಹಾನಿಮ್.

"ನೀವೂ ಉಣ್ರಿ," ಎಂದರು ಮಾವಶಿ. ಇಬ್ಬರೂ ಒಟ್ಟಿಗೆ ತುತ್ತು ಎತ್ತಿದರು. ನಾನು ಒಲೆಯ ಕಡೆ ಮುಖ ತಿರುಗಿಸಿದೆ. ಯಾರಿಗೂ ನನ್ನ ಕಣ್ಣು ಕಾಣುವುದು ಬೇಕಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಎಮಿನೆ ಹಾನಿಮ್ ಒಂದು ಡಬ್ಬಿ ಮುಂದಕ್ಕೆ ಎಳೆದುಕೊಂಡರು. ನಮ್ಮ ಭಡಂಗದ ಡಬ್ಬಿ. ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, ಎದೆಗೆ ಕೈಯಿಟ್ಟು, ಅತ್ಯಂತ ಪ್ರೀತಿಯಿಂದ ಸ್ಪಷ್ಟ ಕನ್ನಡದಲ್ಲಿ ಹೇಳಿದರು:

"ಉಪ್ಪ ಕಮ್ಮಿ ಆಗೇತಿ."

ಮಾವಶಿ ನನ್ನ ಕಡೆ ನೋಡಿದರು. ನಾನು ಉಪ್ಪಿಟ್ಟಿನ ಪಾತ್ರೆಯ ಕಡೆ ನೋಡಿದೆ. ಈಗ ಎಲ್ಲ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಮಾವಶಿ ಕೈಚಾಚಿ, ಮನೆಯಲ್ಲಿ ಉಳಿದಿದ್ದ ಅದೇ ಭಡಂಗದ ಡಬ್ಬಿಯಿಂದ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ಖರೆ ಐತಿ," ಎಂದರು. "ಇಷ್ಟ ವರ್ಷ ಎಲ್ಲಾರೂ ಛಲೋ ಆಗೇತಿ, ಛಲೋ ಆಗೇತಿ ಅಂತಾರ. ಮನಿ ಮಂದಿಗತೆ ಹೇಳಿದಾಕಿ ಇಕಿ ಒಬ್ಬಾಕಿನ ನೋಡು."

"ನೆ ದೆದಿ?" ಎಂದರು ಫೋನಿನಲ್ಲಿ ಎಮಿನೆ ಹಾನಿಮ್.

"ನೀವು ಮನೆಯವರು ಅಂದರು," ಎಂದೆ. ಈ ಸಲ ಸುಳ್ಳು ಹೇಳಲಿಲ್ಲ.